ಕೇಸರಿ: ಎಷ್ಟು ಔಷಧ, ಎಷ್ಟು ನಂಬಿಕೆ?

ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳಗಳ ನಡುವೆ ಒಂದು ಗ್ರಾಂ ಕೇಸರಿಯ ಪುಟ್ಟ ಡಬ್ಬಿಯೂ ಇರುವುದುಂಟು. ಮನೆಯಲ್ಲಿ ಬಸುರಿ ಇದ್ದರಂತೂ ಅದು ಬಂದೇ ಬರುತ್ತದೆ. ಇಷ್ಟು ಬೆಲೆ ತೆತ್ತು ತಂದ ಈ ವಸ್ತುವಿನಿಂದ ಮೈಗೆ ನಿಜವಾಗಿ ಆಗುವ ಪ್ರಯೋಜನವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಬೆಲೆಗೆ ಕಾರಣ ಸರಳ. ಒಂದು ಹೂವಿಗೆ ಮೂರೇ ಎಳೆ. ಕಾಶ್ಮೀರದ ಪಾಂಪೋರಿನಲ್ಲಿ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಹೂ ಬಿಟ್ಟಾಗ ಕೈಯಿಂದಲೇ ಕಿತ್ತು, ಎಳೆ ಬಿಡಿಸಿ, ಒಣಗಿಸಬೇಕು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಅಂದರೆ ನಮ್ಮ ಒಂದು ಗ್ರಾಂ ಡಬ್ಬಿಯಲ್ಲಿ 150 ಹೂಗಳಿವೆ! ಪ್ರಪಂಚದ ಕೇಸರಿಯಲ್ಲಿ ಬಹುಪಾಲು ಬೆಳೆಯುವುದು ಇರಾನಿನಲ್ಲಿ. ನಾವಿರುವ ಇಂಗ್ಲೆಂಡಿನಲ್ಲೂ 16-17ನೇ ಶತಮಾನಗಳಲ್ಲಿ ಇದರ ಬೆಳೆಯಿತ್ತು. ಎಸೆಕ್ಸಿನ ಸ್ಯಾಫ್ರನ್ ವಾಲ್ಡನ್ ಊರಿಗೆ ಆ ಹೆಸರು ಬಂದದ್ದೇ ಅದರಿಂದ.

ಕೇಸರಿಯ ಬಣ್ಣಕ್ಕೆ ಕ್ರೋಸಿನ್, ಕಹಿಗೆ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಸ್ಯಾಫ್ರನಾಲ್ ಎಂಬ ವಸ್ತುಗಳು ಕಾರಣ. ಇವುಗಳ ಗುಣದ ಬಗ್ಗೆ ಹೆಚ್ಚು ಪರೀಕ್ಷೆ ನಡೆದಿರುವುದು ಮನಸ್ಸಿನ ಖಿನ್ನತೆಯ ವಿಷಯದಲ್ಲಿ. 2004ರಿಂದೀಚೆಗೆ ಟೆಹರಾನಿನ ವೈದ್ಯರು ಸಾಧಾರಣ ಖಿನ್ನತೆಯಿದ್ದವರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿಯ ಸಾರವನ್ನು ಆರು ವಾರ ಕೊಟ್ಟು ನೋಡಿದರು. ಸುಳ್ಳು ಗುಳಿಗೆ ನುಂಗಿದವರಿಗಿಂತ ಇವರಿಗೆ ಹೆಚ್ಚು ಗುಣ ಕಂಡಿತು. ಆಶಾದಾಯಕವೇ ಸರಿ. ಆದರೆ ಪರೀಕ್ಷೆಗೊಳಗಾದವರು ಕೆಲವೇ ಮಂದಿ, ಕಾಲವೂ ಕಡಿಮೆ. ಅದು ಅಳೆದು ಕೊಟ್ಟ ಸಾರ. ನಾವು ಹಾಲಿಗೆ ಹಾಕುವ ನಾಲ್ಕು ಎಳೆ ಅದಕ್ಕೆ ಸಮವಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಾಲ್ಕು ಗಂಟೆಗೇ ಕತ್ತಲಾಗುವ ಇಲ್ಲಿನ ಚಳಿಗಾಲದಲ್ಲಿ ಮನಸ್ಸು ಕುಗ್ಗುವವರು ನಮ್ಮಲ್ಲೂ ಇದ್ದಾರೆ; ಹೇಳಿಕೊಳ್ಳಲು ಸಂಕೋಚ. ಅಂಥವರು ಕೇಸರಿಯನ್ನು ನೆಚ್ಚಿಕೊಂಡು ಡಾಕ್ಟರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಖಿನ್ನತೆಗೋ ರಕ್ತ ತೆಳುವಾಗಲೋ ಔಷಧಿ ತೆಗೆದುಕೊಳ್ಳುವವರು ಕೇಸರಿಯ ಗುಳಿಗೆ ಕೊಳ್ಳುವ ಮುನ್ನ ಡಾಕ್ಟರನ್ನು ಕೇಳಬೇಕು.

ಇನ್ನು ಬಸುರಿಯರ ವಿಷಯ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬುದು ಶುದ್ಧ ಸುಳ್ಳು. ಮಗುವಿನ ಬಣ್ಣ ಬರುವುದು ತಂದೆತಾಯಿಗಳಿಂದ, ಹಾಲಿನ ಲೋಟದಿಂದಲ್ಲ. ಮಗು ಕಪ್ಪಾಯಿತೆಂದು ಬಾಣಂತಿಯನ್ನು ಆಡಿಕೊಳ್ಳುವುದು ದೊಡ್ಡ ಅನ್ಯಾಯ. ರುಚಿಗೆಂದು ಒಂದೆರಡು ಎಳೆ ಹಾಕಿಕೊಂಡರೆ ತೊಂದರೆಯಿಲ್ಲ. ಔಷಧಿಯೆಂದು ಹೆಚ್ಚು ಸೇವಿಸಿದರೆ ಗರ್ಭಕೋಶ ಕೆರಳುವ ಭಯವಿದೆ. ಯಾರಿಗೇ ಆಗಲಿ, ದಿನಕ್ಕೆ ಐದು ಗ್ರಾಂ ಮುಟ್ಟಿದರೆ ಅದು ವಿಷವೇ.

ಕೊಳ್ಳುವಾಗ ಎಚ್ಚರ! ಕುಸುಬೆ ಹೂವಿನ ದಳಕ್ಕೋ ಜೋಳದ ತೆನೆಯ ಕೂದಲಿಗೋ ಬಣ್ಣ ಹಾಕಿ ಮಾರುವವರಿದ್ದಾರೆ. ಎರಡು ಎಳೆಗಳನ್ನು ನೀರಿಗೆ ಹಾಕಿ ನೋಡಿ. ಅಸಲಿಯಾದರೆ ನೀರು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಾಕಿದ್ದಾದರೆ ನೀರು ತಕ್ಷಣ ಕೆಂಪಾಗಿ, ಎಳೆ ಬಿಳಿಚಿಕೊಳ್ಳುತ್ತದೆ. ಪುಡಿಯನ್ನಂತೂ ಕೊಳ್ಳಲೇಬೇಡಿ.

ಎಳೆಗಳನ್ನು ಬೆಚ್ಚಗಿನ ಹಾಲಿನಲ್ಲಿ ಕಾಲು ಗಂಟೆ ನೆನೆಸಿ, ಪಾಯಸ ಒಲೆಯಿಂದ ಇಳಿಸುವ ಹೊತ್ತಿಗೆ ಬೆರೆಸಿ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಡಬ್ಬಿಯ ಮುಚ್ಚಳ ಬಿಗಿ ಮಾಡಿ, ಬೆಳಕು ತಾಗದ ಕಡೆ ಇಡಿ. ಹಬ್ಬದ ಪಾಯಸಕ್ಕೆ ಕೇಸರಿ ಇರಲಿ, ಕಾಯಿಲೆಗೆ ಡಾಕ್ಟರು ಇರಲಿ.