ಎಲ್ಲರಿಗೂ ಕಾಣುವ ಅಂಕ

ಹೊತ್ತು ಮುಳುಗಿ ಕಬ್ಬಿನ ಹೊಲಗಳ ಮೇಲಿಂದ ತಂಗಾಳಿ ಬೀಸತೊಡಗಿದರೆ ಆಲಮೇಲ ಸೀಮೆಯಲ್ಲಿ ಕಬಡ್ಡಿಗೆ ಕಳೆ ಕಟ್ಟುತ್ತದೆ. ಈ ಕಡೆಯ ಯರೆಮಣ್ಣು ಒಣಗಿದರೆ ಬಾಯಿ ಬಿಡುತ್ತದೆ, ಹಸಿಯಾದರೆ ಕಾಲು ಹಿಡಿಯುತ್ತದೆ. ಅದಕ್ಕೇ ಕೆಮ್ಮಣ್ಣು ಹರವಿ, ನೀರು ಹೊಡೆದು, ಸುಣ್ಣದ ಗೆರೆ ಎಳೆಯಬೇಕು. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದ ಸುತ್ತ ಹಗ್ಗ. ಹಗ್ಗದಾಚೆ ನೆಲದ ಮೇಲೆ ಹುಡುಗರು, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಗಂಡಸರು, ಮಾಳಿಗೆಯ ಅಂಚಿನಲ್ಲಿ ಹೆಣ್ಣುಮಕ್ಕಳು.

ರೇಡರ್ ತೊಡೆ ತಟ್ಟಿ, ದಮ್ಮು ಹಿಡಿದು ಒಳನುಗ್ಗುತ್ತಾನೆ. ಧೂಳೇಳುತ್ತದೆ. ನಾಲ್ವರು ಒಮ್ಮೆಲೇ ಮೇಲೆ ಬೀಳುತ್ತಾರೆ. ನಡುಗೆರೆ ಮುಟ್ಟಿದ್ದು ಎರಡೇ ಬೆರಳು. ಸೀಟಿ ಊದಿದೊಡನೆ ಹಿಂದಿನ ಸಾಲಿನಿಂದ ಕೂಗು: “ಎಷ್ಟಾತೋ ತಮ್ಮಾ?”

ಉತ್ತರ ಇರುವುದು ಟೇಬಲ್ ಮೇಲಿನ ವಹಿಯೊಳಗೆ. ಇಲ್ಲವೇ ಬರೆದು ಒರೆಸಿ, ಬರೆದು ಒರೆಸಿ ಬೆಳ್ಳಗಾದ ಕರಿಹಲಗೆಯಲ್ಲಿ. ಬೋನಸ್ ಸೇರಿತೇ? ಎದುರು ತಂಡ ಪೂರಾ ಔಟಾದಾಗಿನ ಲೋನಾದ 2 ಅಂಕ ಬರೆದರೇ? ಅನುಮಾನ ಹುಟ್ಟುವುದು ಅಲ್ಲೇ.

ಅಂಕಣದ ಮೂಲೆಯಲ್ಲೊಂದು ಡಿಜಿಟಲ್ ಹಲಗೆ ನಿಲ್ಲಬೇಕೆಂಬುದು ನನ್ನಾಸೆ. ಅದಕ್ಕೆ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಓಡಿಸುವ ಪಿ10 ಎಲ್‌ಇಡಿ ಫಲಕಗಳೇ ಸಾಕು. ಒಂದೊಂದು 32 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರ, ಮೈತುಂಬ 512 ಕೆಂಪು ಚುಕ್ಕೆ. ಬೆಲೆ ಕೆಲವು ನೂರು ರೂಪಾಯಿ. ಇಂಥ ನಾಲ್ಕು ಫಲಕ, ಅಂಗೈಯಲ್ಲಿ ಹಿಡಿಸುವ ಆರ್ಡುಯಿನೊ ಬೋರ್ಡ್, ಒಂದು ಬ್ಲೂಟೂತ್ ತುಣುಕು, 5 ವೋಲ್ಟಿನ ಪವರ್ ಸಪ್ಲೈ. ಚೌಕಟ್ಟು ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ಕರೆಂಟು ಹೋದರೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ತಂತಿ ಎಳೆದು 5 ವೋಲ್ಟಿಗೆ ಇಳಿಸಿಕೊಂಡರಾಯಿತು. ಅಂಕ ಬರೆಯುವವರು ಮೊಬೈಲ್ ಒತ್ತಿದೊಡನೆ ಹಲಗೆಯ ಮೇಲೆ ಅಂಕಿ ಬದಲಾಗುತ್ತದೆ.

ಈ ಫಲಕದಲ್ಲಿ ಒಂದು ಕ್ಷಣಕ್ಕೆ ಉರಿಯುವುದು ಸಾಲುಗಳ ಕಾಲು ಪಾಲು ಮಾತ್ರ. ಸರದಿ ಎಷ್ಟು ಚುರುಕೆಂದರೆ ಕಣ್ಣಿಗೆ ಇಡೀ ಅಂಕಿಯೇ ಕಾಣುತ್ತದೆ. 16 ಸಾಲು ಚುಕ್ಕೆಗಳಲ್ಲಿ ಕನ್ನಡವೂ ಮೂಡುತ್ತದೆ. ‘ಆಲಮೇಲ’, ‘ಇಂಡಿ’, ‘ಸಿಂದಗಿ’ಗಳಿಗೆ ಒತ್ತಕ್ಷರದ ಗೋಜಿಲ್ಲ, ಸಲೀಸಾಗಿ ಕೂರುತ್ತವೆ. ‘ಮುದ್ದೇಬಿಹಾಳ’ದ ಒತ್ತಿಗೆ ಕೆಳಗಿನ ಸಾಲು ಬಿಟ್ಟುಕೊಡಬೇಕು. ‘ಬಸವನ ಬಾಗೇವಾಡಿ’ ಉದ್ದವಾದ್ದರಿಂದ ಓಡುತ್ತ ಬರಬೇಕು. ತಮ್ಮೂರ ಹೆಸರು ಬೆಳಕಿನಲ್ಲಿ ಬರೆದದ್ದನ್ನು ನೋಡಿ ಅಂಕಣಕ್ಕಿಳಿಯುವ ಹುಡುಗರ ಮುಖ ನನಗೆ ಈಗಲೇ ಕಾಣುತ್ತಿದೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ 30 ಸೆಕೆಂಡಿನ ರೇಡನ್ನು ಟಿವಿಯಲ್ಲಿ ಎಣಿಸುತ್ತ ಬೆಳೆದವರು ಇವರು. ಇವರ ದಮ್ಮಿಗೂ ಅದೇ ಎಣಿಕೆ ಸಿಗಬೇಕು. ಕೊನೆಯ ರೇಡಿನಲ್ಲಿ 5, 4, 3 ಎಂದು ಇಳಿಯುವ ಕೆಂಪು ಅಂಕಿ, ವಹಿ ಓದಲು ಬಾರದ ಮಾಳಿಗೆಯ ಮೇಲಿನ ಅಜ್ಜಿಗೂ ಕಾಣಬೇಕು. ಆಗ “ಎಷ್ಟಾತೋ” ಎಂದು ಯಾರೂ ಕೇಳುವುದಿಲ್ಲ. ಸೋತವರೂ ತಲೆಯೆತ್ತಿ ಹಲಗೆ ನೋಡಿ, ಮೈಗಂಟಿದ ಕೆಮ್ಮಣ್ಣು ಕೊಡವಿ, ಗೆದ್ದವರ ಕೈ ಹಿಡಿಯುತ್ತಾರೆ.