ಮಳೆಗಾಲದ ಚಾರಣ: ಒದ್ದೆ ಮೈಯ ಲೆಕ್ಕ

ಎವರೆಸ್ಟ್ ಕಥೆಗಳಲ್ಲಿ ಗ್ರಿಫಿತ್ ಪ್ಯೂ ಎಂಬ ಬ್ರಿಟಿಷ್ ಶರೀರಶಾಸ್ತ್ರಜ್ಞನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿಯನ್ನು ನೆತ್ತಿಗೆ ಮುಟ್ಟಿಸಿದ ತಂಡಕ್ಕೆ ಎಷ್ಟು ಆಮ್ಲಜನಕ ಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬೇಕು, ಎಂಥ ಬಟ್ಟೆ, ಎಂಥ ಸ್ಟವ್ ಎಂದು ಲೆಕ್ಕ ಹಾಕಿಕೊಟ್ಟವನು ಆತ. ಹನ್ನೊಂದು ವರ್ಷಗಳ ನಂತರ ಅದೇ ಪ್ಯೂ, ಎವರೆಸ್ಟಿನ ಮುಂದೆ ಲೆಕ್ಕಕ್ಕೇ ಬಾರದ ಒಂದು ಗುಡ್ಡಗಾಡಿನ ದುರಂತವನ್ನು ಕೆದಕಲು ಕೂತ. 1964ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ ನಡೆದ 'ಫೋರ್ ಇನ್ಸ್' ಎಂಬ ನಡಿಗೆ ಸ್ಪರ್ಧೆಯಲ್ಲಿ ಮೂವರು ಗಟ್ಟಿಮುಟ್ಟಾದ ಸ್ಕೌಟ್ ಯುವಕರು ಸತ್ತಿದ್ದರು. ಆ ಸೀಮೆಯ ಅತಿ ಎತ್ತರದ ಗುಡ್ಡ 636 ಮೀಟರ್. ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರದಲ್ಲಿದೆ.

ಆ ಹುಡುಗರನ್ನು ಕೊಂದದ್ದು ಮಳೆ ಮತ್ತು ಗಾಳಿ. ಅವರು ತೊಟ್ಟಂಥ ಬಟ್ಟೆಗಳನ್ನೇ ಪ್ಯೂ ಪ್ರಯೋಗಾಲಯದಲ್ಲಿ ಒದ್ದೆ ಮಾಡಿ, ಗಾಳಿ ಬೀಸಿ ಪರೀಕ್ಷಿಸಿದ. ಒಣಗಿದ್ದಾಗ ಚೆನ್ನಾಗಿಯೇ ಬೆಚ್ಚಗಿಡುತ್ತಿದ್ದ ಉಡುಪು ನೆನೆದು ಗಾಳಿಗೆ ಸಿಕ್ಕಿದ ಕೂಡಲೇ ತನ್ನ ರಕ್ಷಣೆಯ ಬಹುಪಾಲನ್ನು ಕಳೆದುಕೊಳ್ಳುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನೂ ಅವನು ಹಿಡಿದ. ಬಿರುಸಾಗಿ ನಡೆಯುವ ತನಕ ಒದ್ದೆ ಬಟ್ಟೆಯಲ್ಲೂ ಮೈ ಬಿಸಿಯಾಗಿಯೇ ಇರುತ್ತದೆ. ದಣಿದು ನಡಿಗೆ ನಿಧಾನವಾದ ಗಳಿಗೆಯಿಂದ ಲೆಕ್ಕ ತಿರುಗುಮುರುಗಾಗುತ್ತದೆ.

ಜುಲೈ ತಿಂಗಳ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕಳಸಕ್ಕೋ ಚಿಕ್ಕಮಗಳೂರಿಗೋ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಈ ಹಳೆಯ ಕಥೆ ಬೇಕು ಎಂದು ನನಗನ್ನಿಸುತ್ತದೆ. ಕಾಡಿನ ಬಗ್ಗೆ ಅವರ ಭಯಗಳೇ ಬೇರೆ: ಹುಲಿ, ಕಾಳಿಂಗ, ಇಂಬಳ. ಅವರು ಕೊಳ್ಳುವ ಸಾಮಾನೂ ಆ ಭಯಕ್ಕೆ ತಕ್ಕಂತೆ: ಹಲ್ಲಿರುವ ದೊಡ್ಡ ಚಾಕು, ಕೈಗೆ ಸುತ್ತುವ ಹಗ್ಗ, ಕಿಡಿ ಹಾರಿಸುವ ಕಡ್ಡಿ. ಬೇರ್ ಗ್ರಿಲ್ಸ್ ರಜನಿಕಾಂತರನ್ನು ಬಂಡೀಪುರದಲ್ಲಿ ನಡೆಸಿದ ಕಾರ್ಯಕ್ರಮ 2020ರಲ್ಲಿ ಬಂದ ಮೇಲಂತೂ ಕಾಡು ಎಂದರೆ ಸಾಹಸದ ಸೆಟ್ಟು ಎಂಬ ಭಾವನೆ ಗಟ್ಟಿಯಾಗಿದೆ. ಆಷಾಢದ ಮಳೆಯಲ್ಲಿ ಪಶ್ಚಿಮ ಘಟ್ಟದ ಸೌದೆಗೆ ಯಾವ ಕಡ್ಡಿಯೂ ಬೆಂಕಿ ಹೊತ್ತಿಸಲಾರದು. ಹೊತ್ತಿಸಿದರೂ ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಬಿಡಲೂಬಾರದು.

ಸಮುದ್ರಮಟ್ಟದಿಂದ ಮೇಲೇರಿದಂತೆ, ತೇವ ತುಂಬಿದ ಗಾಳಿಯಲ್ಲಿ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಮಂಗಳೂರಿನಲ್ಲಿ 26 ಡಿಗ್ರಿ ಇರುವ ದಿನ 1,894 ಮೀಟರ್ ಎತ್ತರದ ಕುದುರೆಮುಖದ ನೆತ್ತಿಯಲ್ಲಿ 15ರ ಆಸುಪಾಸು ಇರುತ್ತದೆ. ಕೇಳಲು ಹಿತವಾದ ಸಂಖ್ಯೆ. ಅದಕ್ಕೆ ಅರಬ್ಬೀ ಸಮುದ್ರದಿಂದ ನೇರ ಬರುವ ಗಾಳಿಯನ್ನೂ ನೆನೆದ ಅಂಗಿಯನ್ನೂ ಸೇರಿಸಿದರೆ ಹಿತ ಉಳಿಯುವುದಿಲ್ಲ.

ಮೈ ಮೇಲಿನ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೊಜೂಲ್ ಶಾಖ ಬೇಕು. 165 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವ ಶಕ್ತಿ ಸರಿಸುಮಾರು ಅಷ್ಟು. 60 ಕಿಲೊ ತೂಕದ ಮನುಷ್ಯನ ಇಡೀ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಲು ಕಳೆದುಕೊಳ್ಳಬೇಕಾದ ಶಾಖ ಬರೀ 210 ಕಿಲೊಜೂಲ್. ಅಂದರೆ ಅಂಗಿಯಲ್ಲಿರುವ 90 ಮಿಲಿಲೀಟರ್ ನೀರು, ಅರ್ಧ ಲೋಟಕ್ಕೂ ಕಡಿಮೆ, ಪೂರ್ತಿ ನಮ್ಮ ಮೈಶಾಖದಿಂದಲೇ ಆವಿಯಾದರೆ ಒಂದು ಡಿಗ್ರಿಯ ಶಾಖ ಹೋಯಿತು. ದೇಹ ಸುಮ್ಮನಿರುವುದಿಲ್ಲ, ಹೊಸ ಶಾಖ ಹುಟ್ಟಿಸುತ್ತಲೇ ಇರುತ್ತದೆ. ಸುಮ್ಮನೆ ಕೂತಾಗ ನೂರು ವಾಟ್‌ನಷ್ಟು, ಕಡಿದಾದ ಏರು ಹತ್ತುವಾಗ ಅದರ ನಾಲ್ಕೈದು ಪಟ್ಟು. ಹತ್ತುವಾಗ ಸೆಕೆ, ನೆತ್ತಿಯಲ್ಲಿ ಫೋಟೊಗೆ ನಿಂತಾಗ ಹಲ್ಲು ಕಟಕಟ: ಎರಡಕ್ಕೂ ಕಾರಣ ಈ ವ್ಯತ್ಯಾಸವೇ.

ಮಂಜು ಕವಿದ ಬೆಟ್ಟದಲ್ಲಿ ಗಾಳಿಯೇ ನೀರಾವಿಯಿಂದ ತುಂಬಿರುವಾಗ ಬಟ್ಟೆಯ ನೀರು ಆವಿಯಾಗುವುದಾದರೂ ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾಳಿ ತುಂಬಿರುವುದು 15 ಡಿಗ್ರಿಯ ಲೆಕ್ಕದಲ್ಲಿ. ನಮ್ಮ ಚರ್ಮ 33–34 ಡಿಗ್ರಿಯಲ್ಲಿರುತ್ತದೆ. ಚರ್ಮಕ್ಕೆ ಅಂಟಿದ ನೀರಿನ ಆವಿಯ ಒತ್ತಡ 5 ಕಿಲೊಪಾಸ್ಕಲ್‌ಗಿಂತ ಹೆಚ್ಚು, ಹೊರಗಿನ ಮಂಜಿನಲ್ಲಿ 2ಕ್ಕಿಂತ ಕಡಿಮೆ. ಹೀಗಾಗಿ ಮಂಜಿನಲ್ಲೂ ನಾವು ಬೇಸಿಗೆಯ ಮಣ್ಣಿನ ಹೂಜಿಯಂತೆ ತಣಿಯುತ್ತಲೇ ಇರುತ್ತೇವೆ. ಇದರ ಮೇಲೆ ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ನೂಲಿನಿಂದಲ್ಲ, ನೂಲಿನ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದು ಕೂತರೆ ಮುಗಿಯಿತು.

ಈ ದೃಷ್ಟಿಯಿಂದ ನೋಡಿದರೆ ಮಳೆಗಾಲದ ಚಾರಣಕ್ಕೆ ಅತ್ಯಂತ ಕೆಟ್ಟ ಉಡುಪು ಜೀನ್ಸ್ ಪ್ಯಾಂಟು ಮತ್ತು ಕಾಟನ್ ಟೀ ಶರ್ಟ್. ಹತ್ತಿಯ ಎಳೆ ಸೆಲ್ಯುಲೋಸಿನಿಂದ ಆದದ್ದು, ಸೆಲ್ಯುಲೋಸಿಗೆ ನೀರಿನ ಅಣು ಎಂದರೆ ಬಲು ಪ್ರೀತಿ. ನೆನೆದ ಎಳೆ ಮೆತ್ತಗಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜೀನ್ಸ್ ತನ್ನ ತೂಕದಷ್ಟಾದರೂ ನೀರು ಹೀರಿ, ತೊಡೆ ಉಜ್ಜಿ, ಮರುದಿನ ಬೆಳಿಗ್ಗೆಯೂ ಒಣಗದೆ ಕಾಡುತ್ತದೆ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇ. 0.4ರಷ್ಟು ತೇವವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಎಳೆಗಳ ನಡುವೆ ನಿಂತ ನೀರನ್ನು ಹಿಂಡಿ ಕೊಡವಿದರೆ ಅರ್ಧ ಒಣಗಿದ ಹಾಗೆ. ಆಟದ ಸಾಮಾನಿನ ಅಂಗಡಿಯ ಅಗ್ಗದ ಡ್ರೈಫಿಟ್ ಟೀ ಶರ್ಟೇ ಸಾಕು. ಕ್ರಿಕೆಟ್ ಆಡಲು ಇಟ್ಟುಕೊಂಡದ್ದೇ ಆದೀತು.

ಉಣ್ಣೆಯ ವಿಷಯ ಸ್ವಾರಸ್ಯಕರ. ಅದು ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ. ಆದರೆ ನೀರಾವಿ ಎಳೆಯ ಒಳಭಾಗಕ್ಕೆ ಸೇರುವಾಗ ಅಷ್ಟಿಷ್ಟು ಶಾಖವನ್ನು ಬಿಟ್ಟುಕೊಡುತ್ತದೆ. ಗುಂಗುರಾದ ಎಳೆ ನೆನೆದರೂ ಪೂರ್ತಿ ಕುಸಿಯದೆ ಒಂದಿಷ್ಟು ಗಾಳಿಯನ್ನು ಹಿಡಿದುಕೊಂಡೇ ಇರುತ್ತದೆ. ಮಲೆನಾಡಿನಲ್ಲಿ ನಾಟಿ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಗೆ ಬೆನ್ನು ಕೊಡುತ್ತಿದ್ದುದು ಇದರ ಬಲದಿಂದ. ಚಳ್ಳಕೆರೆ ಸೀಮೆಯಂಥ ಒಣನಾಡಿನ ದಖ್ಖನಿ ಕುರಿಗಳ ಒರಟು ಉಣ್ಣೆಗೆ ಹುಣಸೆಬೀಜ ಅರೆದು ಬೇಯಿಸಿದ ಗಂಜಿ ಹಚ್ಚಿ ನೇಯುತ್ತಿದ್ದರು. ನೇಯ್ಗೆ ಬಿಗಿಯಾಗಿ, ಸೆಡೆತುಕೊಂಡು, ಹನಿ ಜಾರಿ ಹೋಗುತ್ತಿತ್ತು. ಹಾಗೆಂದು ಕಂಬಳಿ ಹೊತ್ತು ಬೆಟ್ಟ ಹತ್ತಿ ಎಂದು ನಾನು ಹೇಳುವುದಿಲ್ಲ. ಬಗ್ಗಿ ನಾಟಿ ಮಾಡುವವರ ಬೆನ್ನಿಗೆ ಹೇಳಿ ಮಾಡಿಸಿದ ಸಾಧನ ಅದು. ನೆನೆದ ಮೇಲೆ ಅದರ ಭಾರ ಹೊತ್ತವರಿಗೇ ಗೊತ್ತು. ಚಾರಣಿಗರಿಗೆ ಒಂದು ತೆಳು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್ ಸಾಕು.

ಇನ್ನು ರೇನ್‌ಕೋಟು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಒಂದು ಜಾತಿಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಕಣ್ಣಿಗೆ ಕಾಣದ ರಂಧ್ರಗಳ ಪೊರೆಯಾಯಿತು. ಗೋರ್‌ಟೆಕ್ಸ್ ಎಂದು ಹೆಸರಾದದ್ದು ಅದೇ. ಮಳೆಹನಿ ನುಸುಳಲಾರದು, ಬೆವರಿನ ಆವಿ ಹೊರಹೋಗಬಲ್ಲದು. ಹಿಮದ ಬೆಟ್ಟಗಳಲ್ಲಿ ಈ ಪೊರೆ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿನ ಕೊರೆಯುವ ಗಾಳಿಯಲ್ಲಿ ನೀರಾವಿಯ ಒತ್ತಡ ಸೊನ್ನೆಗೆ ಹತ್ತಿರ, ಕೋಟಿನೊಳಗಿನ ಆವಿಯನ್ನು ಹೊರಗೆ ನೂಕುವ ಬಲ ಜೋರಾಗಿರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ, 23–24 ಡಿಗ್ರಿಯ ಜಿನುಗು ಗಾಳಿಯಲ್ಲಿ, ಆ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲ್ಬಟ್ಟೆಯ ನೀರು ಜಾರಿಸುವ ಲೇಪ ಸವೆದು ಹೊರಮೈ ನೆನೆದರೆ ಹೊರದಾರಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಹದಿನೈದು ಸಾವಿರ ಕೊಟ್ಟು ತಂದ ಜಾಕೆಟ್ಟಿನೊಳಗೆ ಬೆವರಿನಿಂದಲೇ ತೊಯ್ದವರು 'ಸೋರುತ್ತಿದೆ' ಎಂದು ಅಂಗಡಿಯವನನ್ನು ಬೈಯುತ್ತಾರೆ. ಸೋರುತ್ತಿರುವುದು ಅವರೇ.

ಆದ್ದರಿಂದ ಘಟ್ಟದ ಮಳೆಗೆ ಸಡಿಲವಾದ, ಕೆಳಗಿನಿಂದ ಗಾಳಿಯಾಡುವ ಪಾಂಚೊ ವಾಸಿ. ಗಾಳಿಯಿಲ್ಲದ ಕಾಡುದಾರಿಯಲ್ಲಿ ಅದಕ್ಕಿಂತಲೂ ವಾಸಿ ನಮ್ಮ ಹಳೇ ಕೊಡೆ. ಟ್ರೆಕ್ಕಿಂಗ್ ಮಂದಿ ಕೊಡೆ ಕಂಡರೆ ನಗುತ್ತಾರೆ. ನಗಲಿ. ಬಯಲು ನೆತ್ತಿಗೆ ಬಂದಾಗ ಮಾತ್ರ ಕೊಡೆ ಮಡಚಿ, ಗಾಳಿ ತಡೆಯುವ ಕೋಟು ಹಾಕಬೇಕು. ಅಲ್ಲಿ ಗಾಳಿಯನ್ನು ನಿಲ್ಲಿಸುವುದೇ ಮುಖ್ಯ, ಒಳಗೆ ಒಂದಿಷ್ಟು ತೇವ ಉಳಿದರೂ ಚಿಂತೆಯಿಲ್ಲ.

ಮೈ ನೆನೆಯದೆ ಮಲೆನಾಡಿನ ಮಳೆಯಲ್ಲಿ ಎಂಟು ಗಂಟೆ ನಡೆಯಲು ಯಾರಿಂದಲೂ ಆಗುವುದಿಲ್ಲ. ಇದನ್ನು ಒಪ್ಪಿಕೊಂಡರೆ ತಯಾರಿ ಸುಲಭ. ನಡೆಯುವ ಬಟ್ಟೆ ನೆನೆಯಲಿ, ಆದರೆ ಚೀಲದಲ್ಲಿ ಒಂದು ಜೊತೆ ಬಟ್ಟೆ ಯಾವ ಕಾರಣಕ್ಕೂ ನೆನೆಯಬಾರದು. ಚೀಲದ ಹೊರಗೆ ಹೊದಿಸುವ ಕವರನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಅದರಲ್ಲಿ ಎಲ್ಲವನ್ನೂ ತುಂಬಿ, ಬಾಯಿ ತಿರುಚಿ ಮಡಚಿ. ಗೊಬ್ಬರದ ಚೀಲದ ಒಳಪದರವೂ ಆದೀತು. ಒಣ ಅಂಗಿ, ಪ್ಯಾಂಟು, ಕಾಲುಚೀಲ, ಉಣ್ಣೆಯ ಟೋಪಿ ಅದರೊಳಗೆ. ರಾತ್ರಿ ತಂಗುವ ಜಾಗಕ್ಕೆ ಬಂದ ಮೇಲೆ ಅದನ್ನು ತೊಡಬೇಕು. ಮರುದಿನ ಬೆಳಿಗ್ಗೆ, ಎಷ್ಟೇ ಅಸಹ್ಯವೆನಿಸಿದರೂ, ಒದ್ದೆ ಬಟ್ಟೆಯನ್ನೇ ಮತ್ತೆ ಏರಿಸಿಕೊಂಡು ಹೊರಡಬೇಕು. ಇದಕ್ಕೆ ಬೇಕಾದ ಮನೋಬಲ ಎವರೆಸ್ಟಿಗೂ ಬೇಕಾಗಲಿಕ್ಕಿಲ್ಲ.

ಮಲಗುವಾಗ ಹೆಚ್ಚಿನವರ ಚಿಂತೆ ಹೊದಿಕೆಯದು, ಆದರೆ ಶಾಖ ಕದಿಯುವುದು ನೆಲ. ಮೈಭಾರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಸ್ಲೀಪಿಂಗ್ ಬ್ಯಾಗಿನ ಕೆಳಪದರದಲ್ಲಿ ಗಾಳಿಯೇ ಉಳಿಯುವುದಿಲ್ಲ. ಕೆಳಗೆ ಫೋಮ್ ಮ್ಯಾಟ್ ಬೇಕು. ತುಪ್ಪುಳ ತುಂಬಿದ ದುಬಾರಿ ಬ್ಯಾಗು ಲಡಾಖಿಗೆ ಸರಿ, ನಮ್ಮ ಜಡಿಮಳೆಯಲ್ಲಿ ತುಪ್ಪುಳ ನೆಂದು ಮುದ್ದೆಯಾಗುತ್ತದೆ. ಟೆಂಟಿನ ಒಳಗೋಡೆ ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದರೆ ಅದು ಹೆಚ್ಚಾಗಿ ನಮ್ಮ ಉಸಿರು, ಬೆವರುಗಳೇ ತಣ್ಣನೆ ಬಟ್ಟೆಗೆ ತಾಗಿ ನೀರಾದದ್ದು. ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಥರ್ಮಾಮೀಟರ್ ಬೇಡ, ಜೊತೆಗಾರರ ಮೇಲೆ ಕಣ್ಣಿಟ್ಟರೆ ಸಾಕು. ತಮಾಷೆ ಮಾಡುತ್ತಿದ್ದ ಹುಡುಗ ಸಿಡುಕುತ್ತಾನೆ, ಮಾತು ತೊದಲುತ್ತದೆ, ಚೀಲದ ಜಿಪ್ ಎಳೆಯಲು ಬೆರಳು ತಡಕಾಡುತ್ತವೆ, ಸಮತಟ್ಟು ದಾರಿಯಲ್ಲಿ ಎಡವುತ್ತಾನೆ. ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾನೆ. ಆ ಮಾತನ್ನು ನಂಬಬಾರದು, ಮೊದಲು ಮಂಕಾಗುವುದು ಅವನ ಬುದ್ಧಿಯೇ. ನಡುಕ ನಿಂತರೆ ಸುಧಾರಿಸಿತು ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಸುಮಾರು 32 ಡಿಗ್ರಿಗೆ ಇಳಿದ ದೇಹಕ್ಕೆ ನಡುಗುವ ತ್ರಾಣವೂ ಇರುವುದಿಲ್ಲ. ಇನ್ನೂ ಕೆಳಗಿಳಿದವರು ಸೆಕೆಯೆಂದು ಬಟ್ಟೆ ಬಿಚ್ಚಿಹಾಕುವುದೂ ಉಂಟು.

ಹೀಗಾದವರನ್ನು ಗಾಳಿ ಮರೆಗೆ ತಂದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ತೊಡಿಸಿ, ಮ್ಯಾಟಿನ ಮೇಲೆ ಮಲಗಿಸಿ, ಹೊದಿಕೆಯ ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಎಚ್ಚರವಾಗಿದ್ದು ನುಂಗಬಲ್ಲವರಾದರೆ ಬೆಲ್ಲ ಹಾಕಿದ ಬಿಸಿ ಪಾನಕವೋ ಸಿಹಿ ಚಹಾವೋ ಕೊಡಬಹುದು. ಇಲ್ಲಿ ಬಿಸಿಗಿಂತ ಸಕ್ಕರೆಯೇ ಮುಖ್ಯ, ನಡುಕಕ್ಕೆ ಇಂಧನ ಅದು. ಕೈಕಾಲು ತಿಕ್ಕಬಾರದು, ಎಬ್ಬಿಸಿ ಓಡಿಸಬಾರದು. 'ಬೆಚ್ಚಗಾಗಲಿ' ಎಂದು ರಮ್ ಕುಡಿಸುವ ಪದ್ಧತಿಯೊಂದಿದೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗೆ ಉಳಿದಿದ್ದ ಶಾಖವನ್ನೂ ಹೊರಗೆ ಚೆಲ್ಲುತ್ತದೆ. ಬೆಚ್ಚಗಾದಂತೆ ಅನ್ನಿಸುವುದೇ ಅದರ ಅಪಾಯ.

ಇಂಬಳದ ಬಗ್ಗೆ ಎರಡೇ ಮಾತು. ಅದರ ಜೊಲ್ಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಾಯ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ. ಒತ್ತಾಗಿ ನೇಯ್ದ ಉದ್ದ ಕಾಲುಚೀಲ, ಅದರ ಮೇಲೆ ಒಂದಿಷ್ಟು ಉಪ್ಪು ಅಥವಾ ಸುಣ್ಣ ಸಾಕು.

ಹಳ್ಳ ಹಾಗಲ್ಲ. ಹರಿವ ನೀರಿನ ವೇಗ ಎರಡು ಪಟ್ಟಾದರೆ ಕಾಲನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಪಾದ ನೆನೆಸಿದ ತೊರೆ ಸಂಜೆ ಮೊಣಕಾಲು ಮುಟ್ಟಿದ್ದರೆ ಅದನ್ನು ಬೆಳಗಿನ ತೊರೆ ಎಂದುಕೊಳ್ಳಬಾರದು. ಒಂದು ಸಮಾಧಾನವಿದೆ: ಘಟ್ಟದ ನೆತ್ತಿಯ ಹಳ್ಳಗಳಿಗೆ ನೀರು ಬರುವ ಪ್ರದೇಶ ಚಿಕ್ಕದು, ಮಳೆ ಹಿಡಿದರೆ ಏರುವಷ್ಟೇ ಬೇಗ, ಮಳೆ ಬಿಟ್ಟರೆ ಇಳಿಯುತ್ತವೆ. ಎರಡು ಗಂಟೆ ಕಾದು ಕೂತರೆ ಎಷ್ಟೋ ಸಲ ದಾರಿ ತಾನಾಗಿ ತೆರೆಯುತ್ತದೆ. ದಾಟಲೇಬೇಕಾದರೆ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿಟ್ಟುಕೊಳ್ಳಿ. ಬಿದ್ದರೆ ಚೀಲ ಹೋಗಲಿ.

ಮಂಜಿನಲ್ಲಿ ದಾರಿ ತಪ್ಪಿದಾಗ 'ನೇರ ನಡೆದರೆ ಎಲ್ಲಾದರೂ ಊರು ಸಿಗುತ್ತದೆ' ಎಂಬ ಧೈರ್ಯ ಬರುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಧೈರ್ಯಕ್ಕೆ ತಣ್ಣೀರೆರಚುತ್ತದೆ. ಸಮತಟ್ಟು ಕಾಡಿನಲ್ಲಿ ಜನರಿಗೆ ಜಿಪಿಎಸ್ ಕಟ್ಟಿ 'ನೇರ ನಡೆಯಿರಿ' ಎಂದು ಬಿಟ್ಟರು. ಸೂರ್ಯ ಕಾಣುತ್ತಿದ್ದಾಗ ನಡೆದವರು ಬಹುಮಟ್ಟಿಗೆ ನೇರವಾಗಿ ಹೋದರು. ಮೋಡದ ದಿನ ನಡೆದವರು ಸುತ್ತು ಹಾಕಿದರು, ತಾವೇ ತುಳಿದ ಜಾಡನ್ನು ದಾಟಿದರೂ ಅವರಿಗೆ ತಿಳಿಯಲಿಲ್ಲ. ಒಂದು ಕಾಲು ಉದ್ದವಿರುವುದರಿಂದ ಹೀಗಾಗುತ್ತದೆ ಎಂಬ ಹಳೆಯ ವಿವರಣೆಯೂ ನಿಲ್ಲಲಿಲ್ಲ, ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿದ್ದ. ನಮ್ಮ ಮಳೆಗಾಲದಲ್ಲಿ ಸೂರ್ಯ ವಾರಗಟ್ಟಲೆ ಮುಖ ತೋರಿಸುವುದಿಲ್ಲ.

ಹೊಳೆ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಸಲಹೆ ಬಯಲುಸೀಮೆಗೆ ಸರಿ. ಪಶ್ಚಿಮ ಘಟ್ಟದ ಅಂಚಿನಲ್ಲಿ ಹೊಳೆ ಹಿಡಿದವರು ಜಲಪಾತದ ತಲೆಗೆ ಬಂದು ನಿಲ್ಲುತ್ತಾರೆ. ಬದಲಿಗೆ ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಹಿಂದಿರುಗಬಹುದೇ ನೋಡಿ. ಆಗದಿದ್ದರೆ ಕತ್ತಲಾಗುವ ಮುನ್ನವೇ ಗಾಳಿ ಮರೆಯಲ್ಲಿ ಕೂತು, ಒಣ ಬಟ್ಟೆ ತೊಟ್ಟು, ಆ ದಪ್ಪ ಪ್ಲಾಸ್ಟಿಕ್ ಚೀಲವನ್ನು ತಲೆಗೆ ತೂತು ಮಾಡಿ ಮೈಗೆ ಏರಿಸಿಕೊಂಡು, ಖಾಲಿ ಬೆನ್ನುಚೀಲದ ಮೇಲೆ ಕೂರಿ. ಸೀಟಿಯನ್ನು ಮೂರು ಮೂರು ಸಲ, ನಡುವೆ ಬಿಡುವು ಕೊಟ್ಟು ಊದಿ. ಕೂಗಿದರೆ ಗಂಟಲು ಬೇಗ ಬಿದ್ದುಹೋಗುತ್ತದೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ 112ಕ್ಕೆ ಕರೆ ಹೋಗಬಹುದು, ಉಳಿದ ಹೊತ್ತು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಮತ್ತು ಹೊರಡುವ ಮುನ್ನವೇ ಹೋಂಸ್ಟೇಯವರಿಗೋ ಗೈಡ್‌ಗೋ ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸು ಎಂದು ಹೇಳಿರಿ. ಹೇಳದಿದ್ದರೆ, ನೀವು ಕಾಣೆಯಾಗಿದ್ದೀರಿ ಎಂಬುದು ಊರಿಗೆ ಗೊತ್ತಾಗುವುದೇ ಮರುದಿನ ಮಧ್ಯಾಹ್ನ.