ಐದು ತಿಂಗಳ ಬುತ್ತಿ

ಮಕ್ಕಳೇ, ಒಂದು ದಿನದ ಪ್ರವಾಸಕ್ಕೆ ಬುತ್ತಿ ಕಟ್ಟುವಾಗಲೇ ಮನೆಯಲ್ಲಿ ಎಷ್ಟು ಗಡಿಬಿಡಿ! ಐದು ತಿಂಗಳಿಗೆ ಆಗುವಷ್ಟು ಕಟ್ಟಬೇಕಾದರೆ?

ಅಮೆರಿಕದಲ್ಲಿ 1840ರ ದಶಕದಲ್ಲಿ ಸಾವಿರಾರು ಕುಟುಂಬಗಳು ಹಾಗೆ ಬುತ್ತಿ ಕಟ್ಟಿಕೊಂಡು ಹೊರಟವು. ಹೊಸ ಜಮೀನಿನ ಆಸೆಯಿಂದ ಮಿಸೌರಿಯಿಂದ ಪಶ್ಚಿಮದ ಆರೆಗನ್‌ಗೆ ಸುಮಾರು 3,200 ಕಿಲೋಮೀಟರ್ ಪಯಣ. ರೈಲಿರಲಿಲ್ಲ, ಎತ್ತಿನ ಬಂಡಿಯೇ ಗತಿ. ಬಂಡಿಯ ತುಂಬ ಸಾಮಾನು, ಹಾಗಾಗಿ ಹೆಚ್ಚಿನವರು ನಡೆದೇ ಹೋದರು.

1845ರಲ್ಲಿ ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಬರೆದ ಕೈಪಿಡಿಯಲ್ಲಿ ಒಬ್ಬರಿಗೆ ಇಷ್ಟು ಬೇಕೆಂದು ಪಟ್ಟಿ ಇದೆ: ಹಿಟ್ಟು 200 ಪೌಂಡ್, ಉಪ್ಪು ಹಾಕಿ ಕೆಡದಂತೆ ಮಾಡಿದ ಹಂದಿಮಾಂಸ 150, ಸಕ್ಕರೆ 20, ಕಾಫಿ 10, ಉಪ್ಪು 10. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅಂಕಿ ಕಂಡರೆ ಕೂಡಿಸದೆ ಸಮಾಧಾನವಿಲ್ಲ. ಒಟ್ಟು 390 ಪೌಂಡ್, ಅಂದರೆ ಸುಮಾರು 177 ಕಿಲೋ. ನಾಲ್ವರಿಗೆ 700 ಕಿಲೋ ದಾಟಿತು! ಹೆಚ್ಚು ಹೇರಿದರೆ ಎತ್ತು ದಾರಿಯಲ್ಲೇ ಕುಸಿಯುತ್ತದೆ. ಕಡಿಮೆ ಒಯ್ದರೆ ಕೊನೆಯ ತಿಂಗಳು ಉಪವಾಸ. ಲೆಡ್ಜರಿನ ತಪ್ಪನ್ನು ಮರುದಿನ ತಿದ್ದಬಹುದು. ಈ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಅದಕ್ಕೇ ಅವರ ಜಾಣತನ ನೋಡಿ. ಮಾಂಸದ ಕೊಬ್ಬು ಬಿಸಿಲಿಗೆ ಕರಗದಂತೆ ಪೆಟ್ಟಿಗೆಯಲ್ಲಿ ತವುಡಿನ ನಡುವೆ ಹುದುಗಿಸಿಡುತ್ತಿದ್ದರು. ಹಸಿ ಕಾಫಿಬೀಜವನ್ನು ದಾರಿಯಲ್ಲೇ ಬಾಣಲೆಯಲ್ಲಿ ಹುರಿದು ಪುಡಿ ಮಾಡುತ್ತಿದ್ದರು. ಸೌದೆ ಸಿಗದ ಹುಲ್ಲುಬಯಲಿನಲ್ಲಿ ಬೈಸನ್ ಎಂಬ ಕಾಡುಪ್ರಾಣಿಯ ಒಣಗಿದ ಸಗಣಿಯೇ ಉರುವಲು, ನಮ್ಮ ಬೆರಣಿಯ ಹಾಗೆ. ಅದನ್ನು ಆಯ್ದು ತರುವ ಕೆಲಸ ಬಹಳ ಸಲ ಮಕ್ಕಳದು!

ಬೆಣ್ಣೆಯ ಉಪಾಯವಂತೂ ಸೊಗಸು. ಬೆಳಿಗ್ಗೆ ಹಾಲಿನ ಕೆನೆಯನ್ನು ಪಾತ್ರೆಗೆ ತುಂಬಿ ಬಂಡಿಗೆ ತೂಗುಹಾಕಿದರೆ, ದಿನವಿಡೀ ಕುಲುಕಾಟಕ್ಕೆ ಸಂಜೆಗೆ ಬೆಣ್ಣೆ ಸಿದ್ಧ. ಕಡೆಗೋಲು ಬೇಡ, ರಟ್ಟೆನೋವೂ ಇಲ್ಲ. ನೀವೂ ಬಿಗಿಮುಚ್ಚಳದ ಡಬ್ಬಿಯಲ್ಲಿ ಕೆನೆ ಹಾಕಿ ಕುಲುಕಿ ನೋಡಿ; ಸುಸ್ತಾದರೆ ಅಜ್ಜಿಯ ಕೈಗೆ ಕೊಡಿ.

ಇಷ್ಟಾದರೂ ಎಷ್ಟೋ ಬಂಡಿಗಳಲ್ಲಿ ಬುತ್ತಿ ಸಾಲುತ್ತಿರಲಿಲ್ಲ. ಸ್ನೇಕ್ ನದಿಯ ದಂಡೆಯಲ್ಲಿ ಆ ನೆಲದ ಮೂಲನಿವಾಸಿಗಳು ಬಟ್ಟೆ, ಮೀನಿನ ಗಾಳಗಳಿಗೆ ಬದಲಾಗಿ ಸಾಲ್ಮನ್ ಮೀನು ಕೊಡುತ್ತಿದ್ದರು. ತಿಂಗಳುಗಟ್ಟಲೆ ಒಂದೇ ಊಟ ಉಂಡು ಬೇಸತ್ತವರಿಗೆ ಅದು ಹಬ್ಬದೂಟ. ಆದರೆ ಮುಂದೆ ಆ ಮೂಲನಿವಾಸಿಗಳ ನೆಲವೇ ವಲಸೆ ಬಂದವರ ಪಾಲಾಯಿತು.

ಮಕ್ಕಳೇ, ಹೇಸ್ಟಿಂಗ್ಸ್‌ನ ಪಟ್ಟಿಯಲ್ಲಿ ಆ ಮೀನಿನ ಲೆಕ್ಕ ಇಲ್ಲ. ನಾನಾದರೆ ಅದನ್ನು ಸಾಲದ ಪುಟದಲ್ಲಿ ಬರೆದಿಡುತ್ತಿದ್ದೆ.